ಶನಿವಾರದ ಕಿತ್ತಳೆ

ಜುಲೈ ೧೭, ಗುರುವಾರ

ಆಟಿ ತಿಂಗಳು ಶುರುವಾಯಿತು. ಬೆಳಿಗ್ಗೆಯೇ ದೇವಾನಂದ ಬಂದ. ಇವರ ತಮ್ಮ. ಫೋರ್ಟಿನಲ್ಲಿ ಹೋಟೆಲು ಇಟ್ಟಿದ್ದಾನೆ. ಊಟದ ಗಿರಾಕಿಗಳು ಬರುವ ಮೊದಲು ಗಲ್ಲಾದಲ್ಲಿ ಕೂತಿರಬೇಕು. ಹಾಗಾಗಿ ನಮ್ಮ ಮನೆಗೆ ಬಂದರೂ ಕುರ್ಚಿಯ ತುದಿಯಲ್ಲೇ ಕೂರುತ್ತಾನೆ.

“ಅತ್ತಿಗೆ, ಅಗೆಲು ಆಗಸ್ಟ್ ಹತ್ತಕ್ಕೆ ಇಡುವ. ಭಾನುವಾರ, ಎಲ್ಲರಿಗೂ ರಜೆ. ಅಣ್ಣ ಹೋದ ಮೇಲೆ ಮೊದಲನೇ ಆಟಿ, ಚಂದದಲ್ಲಿ ಆಗಬೇಕು,” ಎಂದ.

ನಿಖಿತಾ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, “ಅಗೆಲು ಮತ್‌ಲಬ್?” ಎಂದಳು. ಚೆಂಬೂರಿನಲ್ಲೇ ಹುಟ್ಟಿ ಬೆಳೆದ ಮಗಳು, ಕೇಳಿದ್ದರಲ್ಲಿ ತಪ್ಪಿಲ್ಲ.

“ತೀರಿಹೋದವರಿಗೆ ಎಲೆ ಹಾಕುವುದು ಮಗಾ. ಬದುಕಿದ್ದಾಗ ಎಂತ ಇಷ್ಟವೋ ಅದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ನಾವು ಹೊರಗೆ ನಿಲ್ಲುವುದು. ಅವರು ಬಂದು ಉಂಡು ಹೋಗ್ತಾರೆ. ಇಷ್ಟದ್ದು ಇಲ್ಲದಿದ್ರೆ ಮುಖ ತಿರುಗಿಸಿ ಹೋಗ್ತಾರೆ.”

ಕೋರಿ ರೊಟ್ಟಿ, ಬಂಗುಡೆ ಪುಳಿಮುಂಚಿ, ಬಸಳೆ ಎಂದು ನಾನು ಬೆರಳು ಮಡಚಿದೆ. “ಕುಡಿಯಲಿಕ್ಕೆ?” ಎಂದ. ಎಳನೀರು ಎಂದೆ. ಅವನು ಫ್ಯಾನು ನೋಡಿದ.

“ಅತ್ತಿಗೆ, ಬೇಜಾರು ಮಾಡಬೇಡಿ. ಅಣ್ಣ ಶನಿವಾರ ಒಂದು ಗ್ಲಾಸ್ ತಗೊಳ್ತಿದ್ರಂತೆ. ಅವರ ರೆಸ್ಟೋರೆಂಟಿನ ಬಾರಿನಲ್ಲೇ. ಅಲ್ಲಿಯ ಹುಡುಗಿ ಸೋನಾಲಿ ಮಾಡಿ ಕೊಡ್ತಿದ್ದಳಂತೆ. ಓಲ್ಡ್ ಫ್ಯಾಷನ್ಡ್ ಅಂತ ಹೆಸರು, ವಿಸ್ಕಿಗೆ ಎಂತದೋ ಸೇರಿಸಿ ಮಾಡುವುದು. ಬೊಜ್ಜದ ದಿನ, ಉತ್ತರಕ್ರಿಯೆಗೆ ಬಂದಾಗ ಅವಳೇ ನನ್ನತ್ರ ಹೇಳಿದ್ದು.”

ಬಾಂದ್ರಾದ ಅಷ್ಟು ದೊಡ್ಡ ರೆಸ್ಟೋರೆಂಟಿನ ಮ್ಯಾನೇಜರು, ಸುತ್ತಮುತ್ತ ಬಾಟಲಿಗಳೇ, ಆದರೂ ನಾಲಿಗೆಗೆ ಒಂದು ಹನಿ ಸೋಕಿಸಿದವರಲ್ಲ ಎಂದು ನಾನು ಊರಿಡೀ ಹೇಳಿಕೊಂಡು ತಿರುಗಿದವಳು. ನನ್ನ ಅಪ್ಪ ದೂಜಣ್ಣ ಕುಡಿದು ಕುಡಿದೇ ಹೋದವರು. ಮದುವೆಯ ಮಾತುಕತೆಯ ದಿನವೇ ನಾನು ಹೇಳಿಸಿದ್ದೆ: ಬಾಟಲಿ ನನ್ನ ಮನೆಯ ಹೊಸ್ತಿಲು ದಾಟಬಾರದು. ದಾಟಲಿಲ್ಲ. ಹೊಸ್ತಿಲಿನ ಆಚೆ ಏನಾಗುತ್ತಿತ್ತು ಎಂದು ಮೈದುನನಿಗೆ ಗೊತ್ತು, ಬಾರಿನ ಹುಡುಗಿಗೆ ಗೊತ್ತು. ದೀಪದ ಬುಡದಲ್ಲಿ ಕತ್ತಲೆ ಎಂದರೆ ನಾನೇ.

ಹೊಟ್ಟೆ ಉರಿಯುತ್ತಿದೆ. ಬರೆದರೆ ಕಡಿಮೆಯಾದೀತು ಎಂದು ಬರೆಯುತ್ತಿದ್ದೇನೆ. ಆಗುತ್ತಿಲ್ಲ.

ಜುಲೈ ೧೮, ಶುಕ್ರವಾರ

ಆ ಹುಡುಗಿಯನ್ನು ನಾನು ನೋಡಿದ್ದೇನೆ. ಫೆಬ್ರವರಿಯಲ್ಲಿ ಇವರನ್ನು ಆಸ್ಪತ್ರೆಯಿಂದ ತಂದ ದಿನ ಲಿಫ್ಟಿನ ಪಕ್ಕ ನಿಂತು ಅಳುತ್ತಿದ್ದಳು. ಕುತ್ತಿಗೆಯವರೆಗೆ ಕತ್ತರಿಸಿದ ಕೂದಲು, ಮುಂಗೈ ಮೇಲೆ ಹಚ್ಚೆ. ಹೋಟೆಲಿನವರು ಯಾರೋ ಇರಬೇಕು, ಪಾಪ ಎಂದುಕೊಂಡಿದ್ದೆ. ಆ ಪಾಪ ಎಂದದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ.

ಜುಲೈ ೨೦, ಭಾನುವಾರ

ದೇವಾನಂದ ನನ್ನ ನಂಬರನ್ನು ಸೋನಾಲಿಗೆ ಕೊಟ್ಟಿದ್ದಾನೆ. ಅವಳೇ ಫೋನು ಮಾಡಿದಳು. ಬಿಜಾಪುರದ ಕಡೆಯವರಂತೆ; ಅಪ್ಪ ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು.

“ಶೀಲಾವತಿ ವೈನಿ ಅಲ್ಲೇನ್ರಿ? ನಾ ಸೋನಾಲಿ. ಪ್ರಶಾಂತಣ್ಣಾರ ಜೊತಿ ಕೆಲಸ ಮಾಡ್ತಿದ್ನಿ.”

ಅಣ್ಣ ಅಂತೆ! ಮುಂಬೈಯಲ್ಲಿ ಹೋಟೆಲಿನವರೆಲ್ಲ ಅಣ್ಣಂದಿರೇ. ಇಡ್ಲಿ ತಿನ್ನಲು ಬಂದ ಗುಜರಾತಿಯೂ ‘ಅಣ್ಣಾ, ಸಾಂಬಾರ್’ ಎನ್ನುತ್ತಾನೆ. ಅದರ ಮೇಲೆ ನನ್ನನ್ನು ವೈನಿ ಎನ್ನಲು ಇವಳಿಗೆ ಯಾರು ಹೇಳಿದರು? ಅತ್ತಿಗೆ ಎನಿಸಿಕೊಳ್ಳುವ ಸಂಬಂಧ ಎಲ್ಲಿಂದ ಹುಟ್ಟಿತು?

“ಅಣ್ಣಾರ ಎಲಿಗೆ ಗ್ಲಾಸ್ ಇಡ್ತಾರಂತ ಕೇಳಿದೆ. ಆ ದಿನ ನಾ ಬಂದು ಮಾಡಿಕೊಡ್ಲೇನ್ರಿ? ಐದs ಮಿನಿಟಿನ ಕೆಲಸ ಐತ್ರಿ.”

“ಬೇಡ. ನನ್ನ ಅಡುಗೆಮನೆಯಲ್ಲಿ ನಾನೇ ಮಾಡ್ತೇನೆ,” ಎಂದೆ.

“ಮಾಡಾಕ ಬರ್ತದೇನ್ರಿ ನಿಮಗ?” ಎಂದಳು. ವ್ಯಂಗ್ಯ ಇರಲಿಲ್ಲ, ನಿಜವಾಗಿಯೇ ಕೇಳಿದಳು. ಅದೇ ಹೆಚ್ಚು ಚುಚ್ಚಿತು. ಮೂವತ್ತು ವರ್ಷ ಅವರಿಗೆ ಬಡಿಸಿದ ಕೈ ಇದು. ಒಂದು ಗ್ಲಾಸು ಶರಬತ್ತು ಮಾಡಲು ಬಾರದೇ?

ಶನಿವಾರ ಇವರು ಬರುವುದು ತಡವಾಗುತ್ತಿತ್ತು. ಊಟ ಅರ್ಧಕ್ಕೆ ಬಿಡುತ್ತಿದ್ದರು. ಟಿಫಿನ್ ಡಬ್ಬಿಯಲ್ಲಿ ಒಂದೇ ಒಂದು ಕಿತ್ತಳೆ ತರುತ್ತಿದ್ದರು, ಅದೂ ನೆಟ್ಟಗಿನದಲ್ಲ, ಯಾರೋ ಸಿಪ್ಪೆ ಕೆರೆದು ಬಿಟ್ಟದ್ದು. ಭಾನುವಾರ ಬೆಳಿಗ್ಗೆ ಅದನ್ನು ಸುಲಿದು ಒಂದೊಂದೇ ತೊಳೆ ನನ್ನ ಕೈಗೆ ಕೊಡುತ್ತಿದ್ದರು. ತಾವು ಒಂದು ತೊಳೆಯನ್ನೂ ತಿನ್ನುತ್ತಿರಲಿಲ್ಲ. “ಇದೆಂತ ಗಾಯದ ಹಣ್ಣು, ಒಂದು ಒಳ್ಳೆಯದು ತರಲಿಕ್ಕಾಗುದಿಲ್ವಾ?” ಎಂದು ಎಷ್ಟು ಸಲ ಗದರಿದ್ದೇನೆ. ನಗುತ್ತಿದ್ದರು.

ಅಲ್ಲಿ ಅವಳ ಕೈಯ ಗ್ಲಾಸು. ಇಲ್ಲಿ ನನಗೆ ಉಳಿದ ಹಣ್ಣು.

ಜುಲೈ ೨೨, ಮಂಗಳವಾರ

ಸ್ಟೇಷನ್ ಬಳಿಯ ವೈನ್ ಶಾಪಿಗೆ ಹೋದೆ. ಜೀವನದಲ್ಲಿ ಮೊದಲ ಸಲ. ಎರಡು ಸಲ ಎದುರಿಗೆ ಹಾದು ಹೋಗಿ, ಮೂರನೇ ಸಲ ನುಗ್ಗಿದೆ. ಅಂಗಡಿಯವನು, “ಆಂಟಿ, ಗಿಫ್ಟ್ ಕೇ ಲಿಯೇ?” ಎಂದ. ಹೌದು ಎಂದೆ. “ಜಿನ್‌ಕೋ ದೇನಾ ಹೈ, ಉನ್‌ಕೋ ಕೌನ್‌ಸಾ ಪಸಂದ್ ಹೈ?” ಅವರಿಗೆ ಯಾವುದು ಇಷ್ಟ ಎಂದು ಗೊತ್ತಿದ್ದರೆ ನಾನು ಅಲ್ಲಿ ಯಾಕೆ ನಿಂತಿರುತ್ತಿದ್ದೆ?

ಕೊತ್ತಂಬರಿ ಸೊಪ್ಪಿನ ಅಡಿಯಲ್ಲಿ ಬಾಟಲಿ ಇಟ್ಟು ತಂದೆ. ಹೊಸ್ತಿಲ ಎದುರು ಕಾಲು ನಿಂತಿತು. ಯಾವ ಮಾತನ್ನು ಇವರು ಜೀವವಿರುವವರೆಗೆ ನಡೆಸಿಕೊಟ್ಟರೋ ಅದನ್ನು ನಾನೇ ಮುರಿದು ಒಳಗೆ ಬಂದೆ. ಬಾಟಲಿಯನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇನೆ.

ಜುಲೈ ೨೩, ಬುಧವಾರ

ನಿಖಿತಾ ಮೊಬೈಲಿನಲ್ಲಿ ತೋರಿಸಿದಳು. ಗಡ್ಡದವನೊಬ್ಬ ಸಕ್ಕರೆಯ ಮೇಲೆ ಏನೋ ಹನಿ ಹಾಕಿ, ವಿಸ್ಕಿ ಸುರಿದು, ತಿರುಗಿಸಿ, ಕಿತ್ತಳೆ ಸಿಪ್ಪೆ ಹಾಕಿ, ಹಲ್ಲು ತೋರಿಸಿದ. ಇಷ್ಟೇನಾ? ಒಂದು ಕೋಳಿ ಗಸಿಗೆ ಎಷ್ಟು ಕೆಲಸವಿದೆ, ಇದರಲ್ಲಿ ಏನಿದೆ?

“ಮಮ್ಮಿ, ಆ ಹನಿ ಬಿಟರ್ಸ್. ಆನ್‌ಲೈನ್ ಮಂಗಾವೂಂ?” ಎಂದಳು. ತರಿಸಬೇಡ ಎಂದೆ. ಕಹಿ ತಾನೇ? ಜ್ವರಕ್ಕೆಂದು ಊರಿನಿಂದ ತಂದ ಕಿರಾತಕಡ್ಡಿ ಇತ್ತು. ಕುದಿಸಿ ಕಷಾಯ ಮಾಡಿದೆ. ಸಿಪ್ಪೆಗೂ ಬರವಿಲ್ಲ. ಇವರು ತಂದ ಕಿತ್ತಳೆಗಳ ಸಿಪ್ಪೆಯನ್ನು ಗೊಜ್ಜಿಗೆಂದು ಒಣಗಿಸಿ ಭರಣಿಯಲ್ಲಿ ಇಟ್ಟಿದ್ದೇನೆ. ಒಂದು ಹಿಡಿ ಹಾಕಿದೆ. ಸಕ್ಕರೆ ಸಪ್ಪೆ ಎನಿಸಿ ಬೆಲ್ಲ ಹಾಕಿದೆ. ಮಜ್ಜಿಗೆ ಕಡೆಯುವ ಹಾಗೆ ಚೆನ್ನಾಗಿ ಕಡೆದೆ.

ಬಾಯಿಗೆ ಹಾಕದೆ ರುಚಿ ಗೊತ್ತಾಗಬೇಕಲ್ಲ? ಒಂದು ಚಮಚ ಹಾಕಿ ಸಿಂಕಿಗೆ ಓಡಿ ಉಗಿದೆ. ಬಾಣಂತಿಯ ಮದ್ದಿಗೆ ಬೆಂಕಿ ಹಚ್ಚಿದ ಹಾಗಿತ್ತು. ಇದಕ್ಕಾಗಿ ಅಪ್ಪ ಮನೆಯ ತಾಮ್ರದ ಹಂಡೆ ಮಾರಿದರೇ? ನಿಖಿತಾ ನಕ್ಕು ನಕ್ಕು ನೆಲದ ಮೇಲೆ ಕೂತಳು. ಫೆಬ್ರವರಿಯ ನಂತರ ಅವಳು ಹಾಗೆ ನಕ್ಕದ್ದು ಇವತ್ತೇ.

ಜುಲೈ ೨೬, ಶನಿವಾರ

ಮತ್ತೆ ಮಾಡಿದೆ. ಕಿರಾತಕಡ್ಡಿ ಕಡಿಮೆ, ಬೆಲ್ಲ ಇಲ್ಲ. ಸ್ಟೀಲ್ ಬಟ್ಟಲಿನಲ್ಲಿ ನೀರಿಟ್ಟು ದೊಡ್ಡ ಮಂಜುಗಡ್ಡೆ ಮಾಡಿದೆ. ಉಗಿಯಲಿಲ್ಲ. ಆದರೆ ಇದು ಆ ರುಚಿ ಹೌದೋ ಅಲ್ಲವೋ ಹೇಗೆ ತಿಳಿಯುವುದು? ಉಪ್ಪು ಹೆಚ್ಚಾಯಿತೇ ಎಂದು ಇವರನ್ನು ಕೇಳಿ ಅಡುಗೆ ಕಲಿತವಳು ನಾನು. ಈಗ ಕೇಳಬೇಕಾದರೆ ಅವಳನ್ನೇ ಕೇಳಬೇಕು. ಕೇಳಲಾರೆ.

ಜುಲೈ ೩೧, ಗುರುವಾರ

ಬಾಂದ್ರಾಕ್ಕೆ ಹೋಗಿ ಬಂದೆ. ಯಾರಿಗೂ ಹೇಳಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ ನನ್ನನ್ನೇ ಬೈದುಕೊಂಡೆ.

ಇಷ್ಟು ವರ್ಷ ಇವರು ಕೆಲಸ ಮಾಡಿದ ಜಾಗವನ್ನು ನಾನು ನೋಡಿದ್ದು ಉದ್ಘಾಟನೆಯ ದಿನ ಮಾತ್ರ. ಸಂಜೆಯ ಗಿರಾಕಿಗಳು ಇನ್ನೂ ಬಂದಿರಲಿಲ್ಲ, ಹುಡುಗರು ಮೇಜು ಒರೆಸುತ್ತಿದ್ದರು. ಗಾಜಿನ ಬಾಗಿಲಿನಿಂದ ನೋಡಿದೆ. ಕೌಂಟರಿನ ಹಿಂದೆ ಅವಳು ಏಪ್ರನ್ ಕಟ್ಟಿಕೊಂಡು ಗ್ಲಾಸುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅವಳ ಹಿಂದೆ ಬಾಟಲಿಗಳ ನಡುವೆ ಇವರ ಫೋಟೋ. ಸಣ್ಣದೊಂದು ಮಲ್ಲಿಗೆ ಮಾಲೆ, ತಾಜಾ.

ಫೋಟೋದಲ್ಲಿ ಇವರು ನಗುತ್ತಿದ್ದಾರೆ. ಸುಮ್ಮನೆ ಮುಗುಳ್ನಗೆಯಲ್ಲ, ತಲೆ ಹಿಂದಕ್ಕೆ ಹಾಕಿ, ಕಣ್ಣು ಮುಚ್ಚಿ. ಆ ನಗು ನಮ್ಮ ಮನೆಯ ಯಾವ ಫೋಟೋದಲ್ಲೂ ಇಲ್ಲ. ಮದುವೆ ಆಲ್ಬಮ್ಮಿನಲ್ಲಿ ಇಲ್ಲ, ನಿಖಿತಾಳ ನಾಮಕರಣದಲ್ಲಿ ಇಲ್ಲ. ಮತ್ತೆ ಕೈಯಲ್ಲಿ ನೋಡಿದರೆ ನನ್ನ ಟಿಫಿನ್ ಡಬ್ಬಿ! ನಾನು ತೊಳೆದು, ತುಂಬಿ, ಕಳಿಸಿದ ಡಬ್ಬಿ ಹಿಡಿದುಕೊಂಡು ಆ ಜನರ ಜೊತೆ ಹಾಗೆ ನಗುವುದೆಂದರೆ!

ಅವಳು ನನ್ನನ್ನು ಕಂಡು ಓಡಿ ಬಂದಳು. “ವೈನಿ! ಒಳಗ ಬರ್ರಿ, ನೀರರೆ ಕುಡೀರಿ.”

“ಇಲ್ಲೇ ಹತ್ತಿರ ಹಲ್ಲಿನ ಡಾಕ್ಟರ ಹತ್ತಿರ ಬಂದಿದ್ದೆ,” ಎಂದೆ.

“ಚೆಂಬೂರಿನಿಂದ ಹಲ್ಲಿಗೆ ಬಾಂದ್ರಾಕ್ಕ?” ಎಂದು ಕೇಳಬಹುದಿತ್ತು. ಕೇಳಲಿಲ್ಲ. “ನೋವು ಭಾಳ ಐತೇನ್ರಿ?” ಎಂದಳು. “ಉಂಟು,” ಎಂದು ಹೇಳಿ ಬಂದುಬಿಟ್ಟೆ.

ಅಸೂಯೆಯೋ ಸಿಟ್ಟೋ ತಿಳಿಯುತ್ತಿಲ್ಲ. ಇವರು ಎದುರಿಗಿದ್ದರೆ ಒಂದು ವಾರ ಮಾತು ಬಿಡುತ್ತಿದ್ದೆ. ಈಗ ಅದಕ್ಕೂ ಗತಿಯಿಲ್ಲ.

ಆಗಸ್ಟ್ ೩, ಭಾನುವಾರ

ಇವತ್ತೂ ಮಾಡಿದೆ. ಸರಿಯಾಗಲಿಲ್ಲ. ಚೆಲ್ಲಲಿಲ್ಲ. ಕಿಟಕಿಯ ಹತ್ತಿರ ಕೂತು ಪರೀಕ್ಷೆಗೆಂದು ಸ್ವಲ್ಪ ಸ್ವಲ್ಪ ಕುಡಿದೆ. ನಿಖಿತಾ, “ಮಮ್ಮಿ, ರೋಜ್ ಪರೀಕ್ಷೆ?” ಎಂದಳು. ದಿನಾ ಮಾಡುವುದು ಪರೀಕ್ಷೆ ಅಲ್ಲದೆ ಮತ್ತೇನು? ಇನ್ನು ಒಂದೇ ವಾರ ಉಳಿದಿದೆ.

ಆಗಸ್ಟ್ ೫, ಮಂಗಳವಾರ

ದೇವಾನಂದ ಬಂದಿದ್ದ. ಅಡುಗೆಗೆ ಅವನ ಹೆಂಡತಿ ಬರುತ್ತಾಳಂತೆ, ಗಸಿ ಅವಳೇ ಮಾಡಲಿ ಎಂದ.

“ಅದೆಲ್ಲ ಆಗುವುದಿಲ್ಲ. ನನ್ನ ಕೈಯ ಗಸಿಯೇ ಇಡಬೇಕು. ಅದೇ ಮೆಣಸು, ಅದೇ ತೆಂಗಿನಕಾಯಿ ಹಾಕಿ ಇನ್ನೊಬ್ಬರು ಮಾಡಿದರೂ ಅವರಿಗೆ ಗೊತ್ತಾಗ್ತಿತ್ತು. ಒಂದು ತುತ್ತಿಗೇ ತಲೆ ಎತ್ತಿ ನನ್ನನ್ನು ನೋಡ್ತಿದ್ರು,” ಎಂದೆ.

“ಸರಿ ಅತ್ತಿಗೆ. ಗ್ಲಾಸಿಗೆ ಎಂತ ಮಾಡಿದ್ರಿ?”

ಫ್ರಿಜ್ಜಿನಿಂದ ತೆಗೆದು ಕೊಟ್ಟೆ. ಅವನು ಒಂದು ಗುಟುಕು ಹೀರಿ, ನುಂಗಲೂ ಆಗದೆ ಉಗಿಯಲೂ ಆಗದೆ ದೇವರ ಪಟದ ಕಡೆ ನೋಡಿದ.

“ವಿಸ್ಕಿ ಸರಿ ಇಲ್ಲ. ಅಂಗಡಿಯವನು ಮೋಸ ಮಾಡಿದ್ದಾನೆ,” ಎಂದೆ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದ. ಎಂದೂ ನನ್ನೆದುರು ಗಾದೆ ಹೇಳದವನು! “ಅತ್ತಿಗೆ, ಒಂದೋ ಆ ಹುಡುಗಿಯನ್ನು ಕರೆಯಿರಿ, ಇಲ್ಲದಿದ್ರೆ ನಾನು ಒಂದು ಬ್ರಾಂಡಿ ತಂದು ಇಟ್ಟುಬಿಡ್ತೇನೆ. ಅಣ್ಣ ಬಂದು ಇದನ್ನು ಕುಡಿದರೆ ಮುಂದಿನ ಆಟಿಗೆ ಬರುದಿಲ್ಲ.”

ತಮಾಷೆಗೇ ಹೇಳಿದ. ಆದರೆ ಅವನು ಹೋದ ಮೇಲೆ ಉಳಿದದ್ದನ್ನೆಲ್ಲ ಸಿಂಕಿಗೆ ಸುರಿದೆ. ಬಂದವರು ಎಲೆಯನ್ನೊಮ್ಮೆ, ಗ್ಲಾಸನ್ನೊಮ್ಮೆ ನೋಡಿ ಮುಖ ತಿರುಗಿಸಿ ಹೋದರೆ? ನನ್ನ ಮನೆಯಿಂದ ಹಸಿದು ಹೋದರೆ? ಹೋಗುವುದಾದರೂ ಎಲ್ಲಿಗೆ? ಬಾಂದ್ರಾಕ್ಕೇ.

ಸೋನಾಲಿಗೆ ಫೋನು ಮಾಡಿದೆ. ವಿಸ್ಕಿಯ ಹೆಸರು ಕೇಳಲಿಕ್ಕೆ ಎಂದೆ. “ನಾಡಿದ್ದು ನನಗ ಕೆಲಸಕ್ಕ ಸುಟ್ಟಿ ಐತ್ರಿ, ಬರ್ತೀನಿ,” ಎಂದಳು. ನಾನು ಬಾ ಎನ್ನಲಿಲ್ಲ. ಬೇಡ ಎಂದೂ ಎನ್ನಲಿಲ್ಲ.

ಆಗಸ್ಟ್ ೭, ಗುರುವಾರ

ಹನ್ನೊಂದು ಗಂಟೆಗೆ ಬಂದಳು. ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು ಒಳಗೆ ಬಂದಳು. ಇವರ ಫೋಟೋದ ಎದುರು ನಿಂತು, “ಇಲ್ಲಿ ಏನ್ ಸೀರಿಯಸ್ ಅದಾರಲ್ರಿ!” ಎಂದಳು. ನನಗೆ ಮತ್ತೆ ಉರಿಯಿತು. ಕಾಫಿ ಕೊಟ್ಟೆ, ಸಕ್ಕರೆ ಬೇಕೇ ಎಂದು ಕೇಳಲಿಲ್ಲ.

ಚೀಲದಿಂದ ಸಾಮಾನು ತೆಗೆದಳು. ಕಾಗದ ಸುತ್ತಿದ ಸಣ್ಣ ಬಾಟಲಿಯೊಂದು. ಅದೇ ಕಹಿ ಹನಿ. ಮೂಸಿದೆ, ಲವಂಗ, ಚಕ್ಕೆ, ಯಾವುದೋ ಬೇರು. ನನ್ನ ಕಿರಾತಕಡ್ಡಿಯ ಕಥೆಯನ್ನು ನಿಖಿತಾ ಹೇಳಿಬಿಟ್ಟಳು. ಅವಳು ನಗಲಿಲ್ಲ. ಕಷಾಯವನ್ನು ಬೆರಳಿನಿಂದ ತೆಗೆದು ನಾಲಿಗೆಗೆ ಇಟ್ಟು, “ವೈನಿ, ಇದು ತಪ್ಪಲ್ರಿ. ಒಂದು ಹನಿ ಹಾಕಿದ್ರ ನಡೀತಿತ್ತು. ನೀವು ಜ್ವರಕ್ಕ ಹಾಕಿದಂಗ ಹಾಕೀರಿ,” ಎಂದಳು. ಹೊಗಳಿದಳೋ ಬೈದಳೋ ಗೊತ್ತಾಗಲಿಲ್ಲ.

ಸಕ್ಕರೆ ಅರ್ಧ ಚಮಚ. ಕಹಿ ಎರಡು ಹನಿ. ಕರಗಲು ಒಂದಿಷ್ಟೇ ನೀರು. ವಿಸ್ಕಿ, ಮಂಜುಗಡ್ಡೆ. ಆಮೇಲೆ ತಿರುಗಿಸಬೇಕು. ನಾನು ಕೈ ಹಾಕಿದೆ. “ಕಡೀಬ್ಯಾಡ್ರಿ. ಸುಮ್ನ ಸುತ್ತಿಸ್ರಿ, ಚಮಚದ ಸಪ್ಪಳ ಬರಬಾರ್ದು,” ಎಂದು ನನ್ನ ಮಣಿಕಟ್ಟು ಹಿಡಿದು ತೋರಿಸಿದಳು. ಅವಳ ಬೆರಳ ತುದಿಗಳು ಒರಟಾಗಿದ್ದವು, ದಿನವಿಡೀ ನಿಂಬೆ, ಮಂಜುಗಡ್ಡೆಯಲ್ಲಿ ಇದ್ದದ್ದಕ್ಕೆ. ನನ್ನವು ಹುಣಿಸೆಹುಳಿಯಿಂದ ಹಾಗಾಗಿವೆ.

ಆಮೇಲೆ ಚೀಲದಿಂದ ಒಂದು ಕಿತ್ತಳೆ ತೆಗೆದಳು. ದಪ್ಪ ಸಿಪ್ಪೆಯ ಫಾರಿನ್ ಹಣ್ಣು. ತರಕಾರಿ ಸುಲಿಯುವ ಪೀಲರನ್ನು ಮೇಲಿನಿಂದ ಕೆಳಗೆ ಒಂದೇ ಸಲ ಎಳೆದಳು. ಎರಡು ಬೆರಳು ಅಗಲದ ಪಟ್ಟಿ ಬಂತು. ಅದನ್ನು ಗ್ಲಾಸಿನ ಮೇಲೆ ಹಿಡಿದು ಹಿಂಡಿದಳು. ಕಾಣದಷ್ಟು ಸಣ್ಣ ತುಂತುರು ಚಿಮ್ಮಿತು.

ಆ ವಾಸನೆ! ಶನಿವಾರ ಬಂದು ಚಪ್ಪಲಿ ಕಳಚಿ, “ಮಲಗಿದ್ದೀಯಾ?” ಎಂದು ನನ್ನ ಹಣೆ ಮುಟ್ಟುತ್ತಿದ್ದ ಕೈಯ ವಾಸನೆ. 

ಅವಳು ಪಟ್ಟಿಯನ್ನು ಗ್ಲಾಸಿಗೆ ಹಾಕಿದಳು. ಹಣ್ಣನ್ನು ಗ್ಯಾಸ್ ಕಟ್ಟೆಯ ಮೇಲೆ ಇಟ್ಟಳು. ಅದು ಉರುಳಿ ನನ್ನ ಕಡೆ ತಿರುಗಿ ನಿಂತಿತು. ಕಿತ್ತಳೆಯ ಮೈಯ ಮೇಲೆ ಉದ್ದಕ್ಕೆ ಒಂದು ಬಿಳಿ ಪಟ್ಟಿ. ಗಾಯದ ಹಣ್ಣು.

“ಉಳಿದ ಹಣ್ಣು ಎಂತ ಮಾಡ್ತೀರಿ ನೀವು?” ಎಂದು ಕೇಳಿದೆ. 

“ಬ್ಯಾರೆ ಹಣ್ಣಾದ್ರ ಜ್ಯೂಸಿಗೆ ಹಾಕ್ತೀವ್ರಿ. ಆದ್ರ ಅಣ್ಣಾರ ಗ್ಲಾಸಿಂದು ಮುಟ್ಟಾಕ ಬಿಡ್ತಿರ್ಲಿಲ್ಲ. ತಾವs ಆರಿಸಿ ಕೊಡ್ತಿದ್ರು, ಎಲ್ಲಾದ್ರಾಗ ಚೊಲೋದು. ನಾ ಪಟ್ಟಿ ತೆಗೀತಿದ್ದೆ, ಅವರು ಹಣ್ಣು ಡಬ್ಬ್ಯಾಗ ಹಾಕ್ಕೋತಿದ್ರು. ಯಾರಿಗೆ ಒಯ್ತೀರಿ ಅಣ್ಣಾ ಅಂತ ನಾವೆಲ್ಲ ಕಾಡಸ್ತಿದ್ವಿ. ಹೇಳ್ತಿರ್ಲಿಲ್ಲ, ಬರೇ ನಗ್ತಿದ್ರು. ಒಮ್ಮಿ ಹಂಗ ನಗೂವಾಗs ಫೋಟೋ ತಗದ್ವಿ ನೋಡ್ರಿ, ನಮ್ಮ ಕೌಂಟರಿನ್ಯಾಗ ಐತಲ್ಲ, ಅದು.”



ಅವಳು ಯೋಚಿಸುತ್ತ, “ನಿಖಿತಾಗs ಇರಬೇಕ್ರಿ ಅಂತ ನಾ ಅಂದ್ಕೊಂಡಿದ್ದೆ,” ಎಂದಳು. ನಿಖಿತಾ, “ನಹೀ, ಮುಝೆ ಕಿತ್ತಳೆ ಪಸಂದ್ ಹೀ ನಹೀ,” ಎಂದಳು. ಇಬ್ಬರೂ ನನ್ನ ಕಡೆ ನೋಡಿದರು. ನಾನು ಗ್ಲಾಸು ತೊಳೆಯಲು ತಿರುಗಿದೆ.

ಹೇಳಬಹುದಿತ್ತು. ಹೇಳಲಿಲ್ಲ, ಬೇಕೆಂದೇ ಹೇಳಲಿಲ್ಲ. ಅವರು ಏನು ಕುಡಿಯುತ್ತಿದ್ದರು, ಹೇಗೆ ನಗುತ್ತಿದ್ದರು, ಎಲ್ಲ ಅವಳಿಗೆ ಗೊತ್ತು. ಹಣ್ಣು ಎಲ್ಲಿಗೆ ಹೋಗುತ್ತಿತ್ತು ಎಂದು ನನಗೊಬ್ಬಳಿಗೇ ಗೊತ್ತು. ಅದೊಂದು ನನ್ನ ಹತ್ತಿರ ಇರಲಿ.

ಅವಳು ಹೋದ ಮೇಲೆ ಭರಣಿ ತೆಗೆದು ಒಣಗಿದ ಸಿಪ್ಪೆಗಳನ್ನು ತಟ್ಟೆಗೆ ಸುರಿದೆ. ಅವರು ಕೈಯಿಂದ ಸುಲಿದವು, ಅಂಕುಡೊಂಕು. ಆದರೆ ಎಷ್ಟೋ ತುಂಡುಗಳಲ್ಲಿ ಒಂದು ಅಂಚು ನೇರವಾಗಿದೆ, ಅಲಗು ಎಳೆದ ಹಾಗೆ. ಇಷ್ಟು ದಿನ ಇದು ನನ್ನ ಅಡುಗೆಮನೆಯಲ್ಲೇ ಇತ್ತು. ಎಲ್ಲವನ್ನೂ ಮತ್ತೆ ತುಂಬಿ ಮುಚ್ಚಳ ಹಾಕಿದೆ. ಗೊಜ್ಜಿಗೆ ಬೇರೆ ಸಿಪ್ಪೆ ತಂದರಾಯಿತು.

ಅವಳು ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಬಂದಿದ್ದಳಂತೆ. ನೀರುದೋಸೆ ಹಾಕಿಕೊಡಬೇಕಿತ್ತು. ಈಗ ನೆನಪಾಗುತ್ತಿದೆ.

ಆಗಸ್ಟ್ ೯, ಶನಿವಾರ

ಮೆಣಸು ಹುರಿದಿಟ್ಟೆ. ಬಾಳೆಲೆ ಬಂತು. ಸಂಜೆ ಒಬ್ಬಳೇ ಮಾಡಿ ನೋಡಿದೆ. ಚಮಚದ ಸಪ್ಪಳ ಬರಲಿಲ್ಲ. ನಿಖಿತಾ ಒಂದು ಗುಟುಕು ಕುಡಿದು, “ಮಮ್ಮಿ, ಸೋನಾಲಿ ದೀದಿ ಮಾಡಿದ ಥರಾನೇ ಇದೆ,” ಎಂದಳು.

ಥರಾನೇ. ದೇವಾನಂದನ ಹೆಂಡತಿಯ ಗಸಿಯೂ ನನ್ನದರ ಥರವೇ ಇರುತ್ತದೆ. ಗೆದ್ದೆ ಎನಿಸಬೇಕಿತ್ತು. ಒಂದು ತುತ್ತಿಗೇ ತಲೆ ಎತ್ತಿ ನೋಡುತ್ತಿದ್ದ ಮನುಷ್ಯ, ನಾಳೆ ಒಂದು ಗುಟುಕಿಗೇ ತಲೆ ಎತ್ತಿ ಯಾರನ್ನು ಹುಡುಕಿಯಾರು?

ಸೋನಾಲಿಗೆ ಫೋನು ಮಾಡಿದೆ. “ನಾಳೆ ಬೆಳಿಗ್ಗೆಯೇ ಬಾ. ಉಪವಾಸ ಇರಬೇಡ, ಇಲ್ಲೇ ತಿಂಡಿ ಉಂಟು,” ಎಂದೆ.  “ಹೂನ್ರಿ ವೈನಿ,” ಎಂದಳು.

ಆಗಸ್ಟ್ ೧೦, ಭಾನುವಾರ

ಎಲ್ಲರೂ ಹೋದರು. ಪಾತ್ರೆಗಳು ಹಾಗೇ ಇವೆ, ಆಮೇಲೆ ತೊಳೆಯುತ್ತೇನೆ.

ಒಳಕೋಣೆಯಲ್ಲಿ ಎಲೆ ಹಾಕಿದೆವು. ನನ್ನ ಕೈಯ ಗಸಿ, ರೊಟ್ಟಿ, ಬಂಗುಡೆ, ಬಸಳೆ. ಸೋನಾಲಿ ನನ್ನ ಅಡುಗೆಮನೆಯಲ್ಲಿ ನಿಂತು ಗ್ಲಾಸು ಮಾಡಿದಳು. ಕಿತ್ತಳೆಯನ್ನು ನಾನು ಆರಿಸಿ ಕೊಟ್ಟೆ. ನಿನ್ನೆಯೇ ತಂದಿದ್ದೆ, ಬುಟ್ಟಿಯಲ್ಲಿದ್ದ ಎಲ್ಲವನ್ನೂ ಮುಟ್ಟಿ ನೋಡಿ, ಅಂಗಡಿಯವನ ಕೈಯಲ್ಲಿ ಬೈಸಿಕೊಂಡು. ಅವಳು ಪಟ್ಟಿ ತೆಗೆದು ಹಿಂಡಿದಳು. ಗ್ಲಾಸನ್ನು ಅವಳೇ ತಂದು ಎಲೆಯ ಬಲಗಡೆಗೆ ಇಟ್ಟಳು. ದೇವಾನಂದನ ಹೆಂಡತಿ ಮೂಗಿನ ಮೇಲೆ ಬೆರಳಿಟ್ಟಳು. ಇಡಲಿ.

ಹಣ್ಣನ್ನು ನಾನು ಎಲೆಯ ಎಡಗಡೆಗೆ ಇಟ್ಟೆ. ಬಿಳಿ ಪಟ್ಟಿ ಮೇಲೆ ಕಾಣುವ ಹಾಗೆ.

ಬಾಗಿಲು ಮುಚ್ಚಿ ಹೊರಗೆ ನಿಂತೆವು.  ಸೋನಾಲಿ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿದ್ದಳು, ತುಟಿ ಕಚ್ಚಿಕೊಂಡು. ಒಳಗೆ ಮಂಜುಗಡ್ಡೆ ಒಮ್ಮೆ ಸದ್ದು ಮಾಡಿತು. ಕರಗುವಾಗ ಹಾಗೆ ಜಾರುತ್ತದೆ, ನನಗೆ ಗೊತ್ತು, ಎಷ್ಟು ಸಂಜೆ ಕೇಳಿದ್ದೇನೆ. ಆದರೂ ಇಬ್ಬರೂ ಒಟ್ಟಿಗೇ ಬಾಗಿಲ ಕಡೆ ನೋಡಿದೆವು.

ದೇವಾನಂದ ಕೆಮ್ಮಿ, ಬಾಗಿಲು ತಟ್ಟಿ ತೆಗೆದ. ಕೈ ಮುಗಿದೆವು. ಊಟಕ್ಕೆ ಎಲ್ಲವನ್ನೂ ಹೊರಗೆ ತರುವಾಗ ಅವನು ಗ್ಲಾಸಿಗೆ ಕೈ ಹಾಕಿದ. ವಾಡಿಕೆ ಹಾಗೆಯೇ, ಅದು ಗಂಡಸರಿಗೆ ಹೋಗುತ್ತದೆ.

“ಅದು ಅವಳಿಗೆ,” ಎಂದೆ.

“ಅತ್ತಿಗೆ?”

“ಮಾಡಿದವಳಿಗೆ. ಇಷ್ಟು ವರ್ಷ ಮಾಡಿಕೊಟ್ಟಿದ್ದಾಳೆ, ಒಂದು ದಿನ ಕುಡಿಯಲಿ.”

ಸೋನಾಲಿ ಗ್ಲಾಸನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ತೀರ್ಥ ತೆಗೆದುಕೊಂಡಂತೆ. ಒಂದು ಗುಟುಕು ಕುಡಿದಳು. ಆಮೇಲೆ ಜೋರಾಗಿ ಅಳತೊಡಗಿದಳು. ನಾನು ಅಳಲಿಲ್ಲ. ಎಲೆಯ ಪಕ್ಕದಿಂದ ಕಿತ್ತಳೆ ತೆಗೆದುಕೊಂಡು ಇವರ ಕುರ್ಚಿಯಲ್ಲಿ ಕೂತೆ. ಬಿಳಿ ಪಟ್ಟಿಗೆ ಹೆಬ್ಬೆರಳು ತೂರಿಸಿ ಸುಲಿದೆ. ಅಲ್ಲಿಂದಲೇ ಸುಲಿಯುವುದು ಸುಲಭ, ಅವರೂ ಅಲ್ಲಿಂದಲೇ ಸುಲಿಯುತ್ತಿದ್ದರು. ಒಂದು ತೊಳೆ ಬಾಯಿಗೆ ಹಾಕಿಕೊಂಡೆ. ಸಿಹಿ ಇತ್ತು.

ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಹಣ್ಣು, ನನ್ನ ಕೈ, ಮತ್ತೆ ಹಣ್ಣು.

“ವೈನಿ... ನಿಮಗೇನ್ರಿ? ಅಷ್ಟೂ ಹಣ್ಣು?”

ನಾನು ಇನ್ನೊಂದು ತೊಳೆ ಬಾಯಿಗೆ ಹಾಕಿಕೊಂಡೆ. ಅವಳ ಮುಖದ ಮೇಲೆ ನಿಧಾನವಾಗಿ ಒಂದು ಬಣ್ಣ ಬಂದು ಹೋಯಿತು. ಅದು ಯಾವುದೆಂದು ನನಗೆ ಕೂಡಲೇ ತಿಳಿಯಿತು. ಕಳೆದ ಮೂರು ವಾರ ನನ್ನ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಅದೇ.

ಒಂದು ತೊಳೆ ಬಿಡಿಸಿ ಅವಳ ಕೈಗೆ ಕೊಟ್ಟೆ.

ಒಂದೇ. ಉಳಿದದ್ದು ನಾನೇ ತಿಂದೆ.